ತೆರೆದುದನ್ನು ಮುಚ್ಚುವ ಕ್ರಮ: ಪಂಚಾಯಿತಿಯ ಗಣಕ ಕಡತಗಳಲ್ಲಿ ಟ್ಯಾಗ್‌ಗಳ ಜೋಡಣೆ



ಪಾವತಿ ಏಕೆ ತಡವಾಯಿತು, ಜಾಲತಾಣದಲ್ಲಿ ಪ್ರಕಟವಾದ ಪಟ್ಟಿ ಏಕೆ ಅಸ್ತವ್ಯಸ್ತವಾಗಿದೆ ಎಂದು ಸಾಮಾನ್ಯ ಸಭೆಯಲ್ಲಿ ತಾವು ಪ್ರಶ್ನಿಸಿದಾಗ ಬರುವ ಉತ್ತರ ಬಹುತೇಕ ಒಂದೇ: ‘ಫೈಲ್ ತಗೊಳ್ತಿಲ್ಲ, ರಿಜೆಕ್ಟ್ ಆಗಿದೆ.’ ಅಲ್ಲಿಗೆ ಚರ್ಚೆ ನಿಲ್ಲುತ್ತದೆ. ಕೂಲಿಕಾರರು ಮನೆ ಬಾಗಿಲಿಗೆ ಬಂದು ಕೇಳಿದಾಗ ಉತ್ತರಿಸಬೇಕಾದವರು ಮಾತ್ರ ತಾವೇ ಆಗಿರುತ್ತೀರಿ. ಕಡತವೊಂದು ತಿರಸ್ಕೃತವಾಗಲು ಹಲವು ಕಾರಣಗಳಿರಬಹುದು. ಖಾತೆ ಸಂಖ್ಯೆ ತಪ್ಪಿರಬಹುದು, ಅನುದಾನ ಇಲ್ಲದಿರಬಹುದು, ಸಂಪರ್ಕ ಕಡಿದಿರಬಹುದು. ಇವು ಎಲ್ಲರಿಗೂ ತಿಳಿದ ಕಾರಣಗಳು. ಕಡಿಮೆ ಚರ್ಚೆಗೆ ಬರುವ ಮತ್ತೊಂದು ಕಾರಣವೆಂದರೆ ಕಡತದ ಒಳಗಿನ ಗುರುತುಗಳ ಜೋಡಣೆ ಕೆಟ್ಟಿರುವುದು. ಈ ಲೇಖನ ಅದೊಂದನ್ನೇ ಕುರಿತದ್ದು. ಇದನ್ನು ಅರಿಯಲು ತಾವು ತಂತ್ರಾಂಶ ಬರೆಯಲು ಕಲಿಯಬೇಕಾಗಿಲ್ಲ. ನಡವಳಿ ಪುಸ್ತಕ ಓದಿ ಸಹಿ ಮಾಡುವಷ್ಟು ಎಚ್ಚರ ಸಾಕು.

ಟ್ಯಾಗ್ ಎಂದರೇನು

ಮನುಷ್ಯರು ಕಾಗದವನ್ನು ನೋಡಿದ ಕೂಡಲೇ ಇದು ದಿನಾಂಕ, ಇದು ಊರು, ಇದು ಮೊತ್ತ ಎಂದು ಗುರುತಿಸುತ್ತಾರೆ. ಯಂತ್ರಕ್ಕೆ ಆ ಶಕ್ತಿ ಇಲ್ಲ. ಆದುದರಿಂದ ಪ್ರತಿಯೊಂದು ಅಂಶದ ಆರಂಭದಲ್ಲಿ ಒಂದು ಗುರುತನ್ನೂ ಅಂತ್ಯದಲ್ಲಿ ಇನ್ನೊಂದು ಗುರುತನ್ನೂ ಇಡಲಾಗುತ್ತದೆ. ಈ ಗುರುತಿಗೆ ಟ್ಯಾಗ್ ಎಂದು ಹೆಸರು. ಟ್ಯಾಗ್‌ಗಳ ಮೂಲಕ ಬರಹದ ರಚನೆಯನ್ನು ತಿಳಿಸುವ ಪದ್ಧತಿಗೆ ಮಾರ್ಕಪ್ ಭಾಷೆ ಎಂದು ಹೆಸರು. ಜಾಲಪುಟಗಳನ್ನು ರೂಪಿಸುವ ಎಚ್‌ಟಿಎಂಎಲ್ ಮತ್ತು ಮಾಹಿತಿಯನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವ ಎಕ್ಸ್‌ಎಂಎಲ್ ಇವೆರಡೂ ಈ ವರ್ಗಕ್ಕೆ ಸೇರಿದವು. ಎಚ್‌ಟಿಎಂಎಲ್‌ನಲ್ಲಿ ಟ್ಯಾಗ್‌ಗಳ ಹೆಸರು ಆಂಗ್ಲ ಅಕ್ಷರಗಳಲ್ಲಿ ಮೊದಲೇ ನಿಗದಿಯಾಗಿರುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಹೆಸರನ್ನು ನಾವೇ ಇಟ್ಟುಕೊಳ್ಳಬಹುದು, ಕನ್ನಡದಲ್ಲಿಯೂ ಇಡಬಹುದು. ಕೆಳಗಿನದು ಕೇವಲ ಮಾದರಿಯಲ್ಲ, ಯಂತ್ರ ಒಪ್ಪುವ ನಿಜವಾದ ಎಕ್ಸ್‌ಎಂಎಲ್:

<ಸಭೆ>
<ದಿನಾಂಕ>2024-08-15</ದಿನಾಂಕ>
<ವಿಷಯ>ಕೆರೆ ಏರಿ ದುರಸ್ತಿ</ವಿಷಯ>
</ಸಭೆ>

ಓರೆಗೆರೆ ಇಲ್ಲದಿರುವುದು ತೆರೆಯುವ ಟ್ಯಾಗ್, ಓರೆಗೆರೆ ಇರುವುದು ಮುಚ್ಚುವ ಟ್ಯಾಗ್. ದಿನಾಂಕ ಮತ್ತು ವಿಷಯ ಇವೆರಡೂ ಸಭೆಯ ಒಳಗೆ ಪೂರ್ತಿಯಾಗಿ ಅಡಗಿವೆ. ಇಡೀ ಕಡತವನ್ನು ಒಳಗೊಳ್ಳುವ ಹೊರಗಿನ ಟ್ಯಾಗ್ ಒಂದೇ ಇರಬೇಕು. ತೆರೆದುದೆಲ್ಲವೂ ಮುಚ್ಚಬೇಕು; ಕೊನೆಗೆ ತೆರೆದುದು ಮೊದಲು ಮುಚ್ಚಬೇಕು. ಹಳೆಯ ಮನೆಗಳಲ್ಲಿ ಸೇರು, ಅಚ್ಚೇರು, ಪಾವು, ಚಟಾಕುಗಳನ್ನು ಒಂದರೊಳಗೊಂದು ಇರಿಸುತ್ತಿದ್ದುದನ್ನು ನೆನೆದರೆ ಈ ನಿಯಮ ಕಣ್ಣಿಗೆ ಕಟ್ಟುತ್ತದೆ. ಪಾವು ಪೂರ್ತಿಯಾಗಿ ಸೇರಿನ ಒಳಗಿರಬಹುದು ಇಲ್ಲವೇ ಪೂರ್ತಿಯಾಗಿ ಹೊರಗಿರಬಹುದು. ಅರ್ಧ ಒಳಗೆ ಅರ್ಧ ಹೊರಗೆ ಇರಲಾರದು. <ಸಭೆ><ವಿಷಯ>ಕೆರೆ ಏರಿ ದುರಸ್ತಿ</ಸಭೆ></ವಿಷಯ> ಎಂದು ಬರೆದರೆ ವಿಷಯ ಮುಗಿಯುವ ಮೊದಲೇ ಸಭೆ ಮುಗಿದಂತಾಯಿತು. ಎಕ್ಸ್‌ಎಂಎಲ್ ಓದುವ ಯಂತ್ರ ಅಲ್ಲಿಯೇ ನಿಲ್ಲುತ್ತದೆ.

ನಡವಳಿಯಲ್ಲಿ ‘ಎಂದು’ ಎಂಬ ಮುಚ್ಚಳ

ಇದು ಹೊರಗಿನಿಂದ ಬಂದ ವಿಚಿತ್ರ ಶಿಸ್ತು ಎಂದು ಭಾವಿಸಬೇಕಾಗಿಲ್ಲ. ನಮ್ಮ ನಡವಳಿಯ ಭಾಷೆಯಲ್ಲಿಯೇ ಈ ಒಳ-ಹೊರ ಜೋಡಣೆ ಇದೆ. ಒಂದು ವಾಕ್ಯವನ್ನು ಪರಿಶೀಲಿಸೋಣ: ‘ಇಂಜಿನಿಯರ್ ಅವರು ಸೋಮವಾರ ಏರಿ ದುರಸ್ತಿ ಮುಗಿದಿದೆ ಎಂದು ವರದಿ ನೀಡಿದ್ದಾರೆ ಎಂದು ಅಧ್ಯಕ್ಷರು ಸಭೆಗೆ ತಿಳಿಸಿದರು.’ ಇಲ್ಲಿ ಎರಡು ‘ಎಂದು’ಗಳಿವೆ. ಮೊದಲನೆಯದು ಇಂಜಿನಿಯರ್ ಮಾತನ್ನು ಮುಚ್ಚುತ್ತದೆ, ಎರಡನೆಯದು ಅಧ್ಯಕ್ಷರ ಮಾತನ್ನು ಮುಚ್ಚುತ್ತದೆ. ಒಳಗಿನದು ಮೊದಲು, ಹೊರಗಿನದು ಆಮೇಲೆ. ಕ್ರಮ ಸರಿಯಾಗಿದೆ.

ಆದರೆ ಕನ್ನಡದ ‘ಎಂದು’ ಮಾತು ಎಲ್ಲಿ ಮುಗಿಯಿತೆಂಬುದನ್ನು ಮಾತ್ರ ಹೇಳುತ್ತದೆ. ಎಲ್ಲಿ ಆರಂಭವಾಯಿತೆಂಬುದನ್ನು ಹೇಳುವುದಿಲ್ಲ. ‘ಸೋಮವಾರ’ ಯಾವುದಕ್ಕೆ ಸೇರಿದ್ದು? ದುರಸ್ತಿ ಮುಗಿದದ್ದು ಸೋಮವಾರವೇ, ವರದಿ ನೀಡಿದ್ದು ಸೋಮವಾರವೇ? ಗುತ್ತಿಗೆಯ ಅವಧಿ ಭಾನುವಾರಕ್ಕೆ ಮುಗಿದಿದ್ದರೆ ದಂಡ ವಿಧಿಸಬೇಕೇ ಬೇಡವೇ ಎಂಬುದು ಈ ಒಂದು ಪದದ ಮೇಲೆ ನಿಲ್ಲುತ್ತದೆ. ಸಭೆಯಲ್ಲಿ ಕುಳಿತವರಿಗೆ ಧ್ವನಿಯಿಂದ ತಿಳಿದಿರುತ್ತದೆ. ಎರಡು ವರ್ಷದ ನಂತರ ಲೆಕ್ಕಪರಿಶೋಧನೆಗೆ ಬಂದವರಿಗೆ ತಿಳಿಯುವ ದಾರಿ ಇಲ್ಲ. ಟ್ಯಾಗ್ ಪದ್ಧತಿಯಲ್ಲಿ ಈ ಸಂದಿಗ್ಧಕ್ಕೆ ಆಸ್ಪದವಿರುವುದಿಲ್ಲ:

<ವರದಿ>ಸೋಮವಾರ ಏರಿ ದುರಸ್ತಿ ಮುಗಿದಿದೆ</ವರದಿ>
<ವರದಿ ದಿನ="ಸೋಮವಾರ">ಏರಿ ದುರಸ್ತಿ ಮುಗಿದಿದೆ</ವರದಿ>

ಮೊದಲನೆಯದರಲ್ಲಿ ಸೋಮವಾರ ವರದಿಯ ಒಳಗಿನ ಮಾತು. ಎರಡನೆಯದರಲ್ಲಿ ಅದು ವರದಿಯ ಲಕ್ಷಣ, ಅಂದರೆ ವರದಿ ನೀಡಿದ ದಿನ. ತೆರೆಯುವ ಟ್ಯಾಗ್‌ನ ಒಳಗೆ ಹೀಗೆ ಸೇರಿಸುವ ಲಕ್ಷಣದ ಬೆಲೆಯನ್ನು ಉದ್ಧರಣ ಚಿಹ್ನೆಗಳ ನಡುವೆಯೇ ಬರೆಯಬೇಕು. ವರ್ಡ್ ಕಡತದಿಂದ ನಕಲು ಮಾಡಿ ಅಂಟಿಸುವಾಗ ನೇರ ಉದ್ಧರಣ ಚಿಹ್ನೆಯ ಜಾಗದಲ್ಲಿ ಬಾಗಿದ ಚಿಹ್ನೆ ಬಂದು ಕೂರುವುದುಂಟು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬಾಗಿದ್ದು ಉದ್ಧರಣ ಚಿಹ್ನೆಯೇ ಅಲ್ಲ.

ಕ್ಷಮಿಸುವ ಯಂತ್ರ, ಕ್ಷಮಿಸದ ಯಂತ್ರ

ಈ ಎರಡು ಭಾಷೆಗಳ ಸ್ವಭಾವ ಏಕೆ ಬೇರೆಯಾಯಿತೆಂಬುದಕ್ಕೆ ಚಿಕ್ಕ ಇತಿಹಾಸವಿದೆ. 1969ರಲ್ಲಿ ಐಬಿಎಂ ಸಂಸ್ಥೆಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರಿ ಎಂಬ ಮೂವರು ಕಾನೂನು ದಾಖಲೆಗಳ ನಿರ್ವಹಣೆಗಾಗಿ ಜಿಎಂಎಲ್ ಎಂಬ ಪದ್ಧತಿಯನ್ನು ರೂಪಿಸಿದರು. ಅದು ಬೆಳೆದು 1986ರಲ್ಲಿ ಎಸ್‌ಜಿಎಂಎಲ್ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ಮಾದರಿಯನ್ನು ಅನುಸರಿಸಿ ಟಿಮ್ ಬರ್ನರ್ಸ್-ಲೀ ಜಾಲಪುಟಗಳಿಗಾಗಿ ಎಚ್‌ಟಿಎಂಎಲ್ ರಚಿಸಿದರು. ಜಾಲಪುಟಗಳನ್ನು ಬರೆಯತೊಡಗಿದವರು ತಂತ್ರಜ್ಞರಷ್ಟೇ ಆಗಿರಲಿಲ್ಲ; ತಪ್ಪುಗಳು ತುಂಬಿದವು. ತಪ್ಪಿದ್ದರೂ ಹೇಗಾದರೂ ಪುಟವನ್ನು ತೋರಿಸುವುದು ಬ್ರೌಸರ್‌ಗಳ ಪದ್ಧತಿಯಾಯಿತು. ಇದಕ್ಕೆ ವಿರುದ್ಧವಾಗಿ, 1998ರ ಫೆಬ್ರವರಿಯಲ್ಲಿ ಮಾನಕವಾದ ಎಕ್ಸ್‌ಎಂಎಲ್ ಕಠಿಣ ನಿಲುವು ತಳೆಯಿತು: ಜೋಡಣೆ ತಪ್ಪಿದ ಕಡತವನ್ನು ಸರಿಯಾದ ಕಡತವೆಂಬಂತೆ ಮುಂದುವರಿಸಿ ಓದಕೂಡದು.

ಮೊದಲ ನೋಟಕ್ಕೆ ಕ್ಷಮಿಸುವ ಯಂತ್ರವೇ ಒಳ್ಳೆಯದೆನಿಸುತ್ತದೆ. ಪಂಚಾಯಿತಿಯ ದೃಷ್ಟಿಯಿಂದ ನನ್ನ ಅಭಿಪ್ರಾಯ ಬೇರೆ. ತಿರಸ್ಕೃತವಾದ ಪಾವತಿ ಕಡತ ಕನಿಷ್ಠ ತಾನು ತಿರಸ್ಕೃತವಾಗಿದ್ದೇನೆಂದು ಹೇಳುತ್ತದೆ. ಮರುದಿನ ಸರಿಪಡಿಸಿ ಕಳುಹಿಸಬಹುದು. ತಪ್ಪು ಜೋಡಣೆಯ ಜಾಲಪುಟ ಏನನ್ನೂ ಹೇಳದೆ ತಪ್ಪು ಅರ್ಥವನ್ನೇ ಪ್ರಕಟಿಸುತ್ತದೆ, ಜನರು ಅದನ್ನೇ ನಂಬುತ್ತಾರೆ.

ಉದಾಹರಣೆಗೆ, ಗ್ರಾಮ ಸಭೆಯ ದಿನಾಂಕ ಬದಲಾಗಿ ಹಳೆಯ ದಿನಾಂಕದ ಮೇಲೆ ಅಡ್ಡಗೆರೆ ಎಳೆದು ಹೊಸದನ್ನು ಪಕ್ಕದಲ್ಲಿ ನಮೂದಿಸಬೇಕಾಗಿದೆ ಎನ್ನೋಣ. ಅಡ್ಡಗೆರೆಯ ಟ್ಯಾಗ್ ತೆರೆದು ಮುಚ್ಚುವುದನ್ನು ಬಿಟ್ಟರೆ ಅಡ್ಡಗೆರೆ ಹೊಸ ದಿನಾಂಕದ ಮೇಲೂ ಹರಿಯುತ್ತದೆ. ಮುಂದಿನ ಪ್ಯಾರಾದಲ್ಲಿಯೂ ಅದು ನಿಲ್ಲುವುದಿಲ್ಲ, ಸ್ಥಳ, ಸಮಯ, ವಿಷಯಸೂಚಿ ಎಲ್ಲದರ ಮೇಲೂ ಹರಿಯುತ್ತದೆ. ಓದಿದವರು ಸಭೆಯೇ ರದ್ದಾಗಿದೆಯೆಂದು ತಿಳಿದರೆ ಅವರ ತಪ್ಪಲ್ಲ. ದೃಷ್ಟಿದೋಷವುಳ್ಳವರು ಬಳಸುವ, ಪರದೆಯನ್ನು ಓದಿ ಹೇಳುವ ತಂತ್ರಾಂಶದ ಸ್ಥಿತಿ ಇನ್ನೂ ಕಷ್ಟ. ಅದು ಶೀರ್ಷಿಕೆ, ಪಟ್ಟಿ, ಕೋಷ್ಟಕಗಳನ್ನು ಟ್ಯಾಗ್‌ನಿಂದಲೇ ಗುರುತಿಸುತ್ತದೆ. ದಪ್ಪ ಅಕ್ಷರದಲ್ಲಿ ಬರೆದ ಮಾತ್ರಕ್ಕೆ ಅದಕ್ಕೆ ಶೀರ್ಷಿಕೆಯೆಂದು ತಿಳಿಯದು.

ಕೋಷ್ಟಕದ ಖಾಲಿ ಮನೆ

ಇದಕ್ಕಿಂತ ಗಂಭೀರವಾದದ್ದು ಫಲಾನುಭವಿಗಳ ಪಟ್ಟಿ. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೇ ಪ್ರಕರಣವು ಸಹಾಯಧನ ಕಾರ್ಯಕ್ರಮಗಳ ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು ವಿಧಿಸುತ್ತದೆ. ಆ ಪಟ್ಟಿ ಜಾಲಪುಟದಲ್ಲಿ ಕೋಷ್ಟಕವಾಗಿ ಬರುತ್ತದೆ. ಕೋಷ್ಟಕದ ಜೋಡಣೆ ಹೀಗಿದೆ: ಕೋಷ್ಟಕದ ಒಳಗೆ ಸಾಲುಗಳು, ಸಾಲಿನ ಒಳಗೆ ಮನೆಗಳು. ಯಂತ್ರಕ್ಕೆ ಕಂಬಸಾಲು ಎಂಬುದು ಬೇರೆಯಾಗಿ ತಿಳಿಯದು; ಪ್ರತಿ ಸಾಲಿನ ಮೂರನೆಯ ಮನೆಯನ್ನು ಮೂರನೆಯ ಶೀರ್ಷಿಕೆಯ ಕೆಳಗೆ ತೋರಿಸುತ್ತದೆ, ಅಷ್ಟೇ.

ಕ್ರಮಸಂಖ್ಯೆ, ಹೆಸರು, ತಂದೆ ಅಥವಾ ಪತಿಯ ಹೆಸರು, ಗ್ರಾಮ, ವರ್ಗ, ಮಂಜೂರಾದ ಮೊತ್ತ, ಬಿಡುಗಡೆಯಾದ ಮೊತ್ತ ಎಂಬ ಏಳು ಮನೆಗಳ ಸಾಲನ್ನು ಗಮನಿಸಿ. ಒಬ್ಬ ಮಹಿಳೆಯ ಅರ್ಜಿಯಲ್ಲಿ ತಂದೆ ಅಥವಾ ಪತಿಯ ಹೆಸರು ಇಲ್ಲ. ಆಗ ಖಾಲಿ ಮನೆಯೊಂದನ್ನು ತೆರೆದು ಮುಚ್ಚಬೇಕು. ಹಾಗೆ ಮಾಡದೆ ಮನೆಯನ್ನೇ ಬಿಟ್ಟುಬಿಟ್ಟರೆ ಆಕೆಯ ಊರು ಪತಿಯ ಹೆಸರಿನ ಸ್ಥಾನಕ್ಕೂ, ವರ್ಗ ಊರಿನ ಸ್ಥಾನಕ್ಕೂ, ಬಿಡುಗಡೆಯಾದ ಮೊತ್ತ ಮಂಜೂರಾದ ಮೊತ್ತದ ಸ್ಥಾನಕ್ಕೂ ಜರುಗುತ್ತವೆ. ಕೊನೆಯ ಮನೆ ಬರಿದಾಗಿ, ಆಕೆಗೆ ಹಣವೇ ಬಿಡುಗಡೆಯಾಗಿಲ್ಲವೆಂಬಂತೆ ಕಾಣುತ್ತದೆ. ಹೀಗೆ ಸ್ಥಾನಪಲ್ಲಟವಾಗುವ ಸಾಲುಗಳು ಬಹುತೇಕ ವಿಧವೆಯರವು, ಒಂಟಿ ಮಹಿಳೆಯರವು, ಅನಾಥರವು. ಏಕೆಂದರೆ ಮಾಹಿತಿಯ ಮನೆ ಖಾಲಿ ಉಳಿಯುವುದು ಅವರದ್ದೇ. ಅಲ್ಲದೆ ಪಟ್ಟಿಯನ್ನು ಮೇಲಿನಿಂದ ಹತ್ತು ಸಾಲು ಮಾತ್ರ ನೋಡಿ ಅನುಮೋದಿಸಿದರೆ ಮೂವತ್ತನೆಯ ಸಾಲಿನ ಈ ದೋಷ ಕಣ್ಣಿಗೆ ಬೀಳುವುದಿಲ್ಲ. ಬಲಬದಿಯ ಕೊನೆಯ ಕಂಬಸಾಲನ್ನು ಮೇಲಿನಿಂದ ಕೆಳಗೆ ಓದುವುದು ಸುಲಭ ಉಪಾಯ. ಜರುಗಿದ ಸಾಲು ಅಲ್ಲಿ ಬರಿದಾಗಿ ನಿಲ್ಲುತ್ತದೆ.

ಎಕ್ಸೆಲ್‌ನಲ್ಲಿ ಮನೆಗಳನ್ನು ಒಂದುಗೂಡಿಸುವ ಅಭ್ಯಾಸವೂ ಇಂತಹುದೇ. ಒಂದೇ ಊರಿನ ಐದು ಮಂದಿಗೆ ಊರಿನ ಹೆಸರನ್ನು ಒಂದೇ ಸಲ ಬರೆದು ಐದು ಮನೆಗಳನ್ನು ಕೂಡಿಸಿದರೆ ಗೋಡೆಗೆ ಅಂಟಿಸಲು ಅಂದ. ಅದನ್ನೇ ಬೇರೆ ತಂತ್ರಾಂಶಕ್ಕೆ ಸಾಗಿಸಿದರೆ ನಾಲ್ವರಿಗೆ ಊರೇ ಇಲ್ಲವಾಗುತ್ತದೆ.

ನಾವು ಬರೆಯದಿದ್ದರೂ ನಮ್ಮದೇ ಅಕ್ಷರಗಳು

ಕೂಲಿ ಪಾವತಿಯ ಆದೇಶವಾಗಲಿ ಗುತ್ತಿಗೆದಾರರ ಬಿಲ್ಲಾಗಲಿ ಒಂದು ವ್ಯವಸ್ಥೆಯಿಂದ ಪಿಎಫ್‌ಎಂಎಸ್‌ಗೆ ಹೋಗುವಾಗ ಎಕ್ಸ್‌ಎಂಎಲ್ ಕಡತಗಳು ಬಳಕೆಯಲ್ಲಿವೆ. ಅವುಗಳ ಟ್ಯಾಗ್‌ಗಳನ್ನು ಪಂಚಾಯಿತಿಯಲ್ಲಿ ಯಾರೂ ಕೈಯಾರೆ ಬರೆಯುವುದಿಲ್ಲ, ತಂತ್ರಾಂಶ ಬರೆಯುತ್ತದೆ. ಆದರೆ ಟ್ಯಾಗ್‌ಗಳ ನಡುವೆ ಕೂರುವ ಅಕ್ಷರಗಳು ನಮ್ಮ ಡಾಟಾ ಎಂಟ್ರಿ ಆಪರೇಟರ್ ಒತ್ತಿದವು. ನಿತ್ಯ ಬಳಸುವ ವರ್ಡ್ ಮತ್ತು ಎಕ್ಸೆಲ್ ಕಡತಗಳೂ ಒಳಗೆ ಎಕ್ಸ್‌ಎಂಎಲ್ ಕಡತಗಳ ಗಂಟುಗಳೇ. ಮಡಚಿ ಕಟ್ಟಿರುವುದರಿಂದ ಹೊರಗೆ ಕಾಣುವುದಿಲ್ಲ.

ಎರಡು ಚಿಹ್ನೆಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ‘<’ ಎಂಬುದು ಟ್ಯಾಗ್ ತೆರೆಯುವ ಚಿಹ್ನೆಯಾದ್ದರಿಂದ ಮಾಹಿತಿಯಲ್ಲಿ ಹಾಗೆಯೇ ಬಳಸುವಂತಿಲ್ಲ. ಜಮೀನು ‘<2 ಎಕರೆ’ ಎಂದು ನಮೂದಿಸಿದರೆ ಯಂತ್ರ ಅದನ್ನು ಹೊಸ ಟ್ಯಾಗ್‌ನ ಆರಂಭವೆಂದು ಭಾವಿಸಿ ಮುಗ್ಗರಿಸುತ್ತದೆ. ಎರಡನೆಯದು ‘&’. ಸರಕು ಪೂರೈಸುವ ಅಂಗಡಿಗಳ ಹೆಸರಿನಲ್ಲಿ ‘& ಸನ್ಸ್’, ‘& ಕೋ’ ಎಂದು ಇರುವುದು ಸಾಮಾನ್ಯ. ಎಕ್ಸ್‌ಎಂಎಲ್‌ನಲ್ಲಿ ಈ ಚಿಹ್ನೆ ‘ಮುಂದೆ ಸಂಕೇತವೊಂದು ಬರುತ್ತದೆ’ ಎಂಬ ಸೂಚನೆ. ಆದುದರಿಂದ ಅದನ್ನು &#38; ಎಂದೂ ‘<’ ಅನ್ನು &#60; ಎಂದೂ ಬರೆಯಬೇಕು. ಉತ್ತಮ ತಂತ್ರಾಂಶ ಈ ಪರಿವರ್ತನೆಯನ್ನು ತಾನೇ ಮಾಡುತ್ತದೆ. ಎಲ್ಲ ತಂತ್ರಾಂಶವೂ ಉತ್ತಮವಲ್ಲ. ‘ಮತ್ತು’ ಎಂದು ಬರೆದರೆ ಯಾವ ತೊಂದರೆಯೂ ಇಲ್ಲ. ಆದರೆ ಬ್ಯಾಂಕ್ ಖಾತೆಯಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಇರಬೇಕಾದಲ್ಲಿ ಈ ಸೌಲಭ್ಯ ಇರುವುದಿಲ್ಲ.

ಆಂಗ್ಲದಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದದಿಂದ ತೆರೆಯುವ ಟ್ಯಾಗ್‌ಗೂ ಮುಚ್ಚುವ ಟ್ಯಾಗ್‌ಗೂ ಹೊಂದಾಣಿಕೆ ತಪ್ಪುವುದುಂಟು. ಕನ್ನಡಕ್ಕೆ ಆ ಬಾಧೆಯಿಲ್ಲ. ನಮ್ಮ ಬಾಧೆ ಕಣ್ಣಿಗೆ ಕಾಣದ್ದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಖಂಡವನ್ನು ಮೀಸಲಿಡಲಾಗಿದೆ. ‘ಹೋಬಳಿ’ ಎಂಬ ಪದದ ‘ಹೋ’ ಅಕ್ಷರದಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಭಾಗಗಳನ್ನು ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೂಪ. ತೆರೆಯುವ ಟ್ಯಾಗ್‌ನಲ್ಲಿ ಒಂದು ಬಗೆ, ಮುಚ್ಚುವ ಟ್ಯಾಗ್‌ನಲ್ಲಿ ಇನ್ನೊಂದು ಬಗೆ ಬಂದರೆ ಯಂತ್ರಕ್ಕೆ ಅವು ಎರಡು ಬೇರೆ ಹೆಸರುಗಳು. ‘ವಾರ್ಡ್’ ಎಂಬ ಪದದ ಕೊನೆಯಲ್ಲಿ ಅಕ್ಷರಗಳು ಕೂಡದಂತೆ ತಡೆಯುವ ಅದೃಶ್ಯ ಸಂಕೇತವೊಂದು ಉಳಿದಿದ್ದರೂ ಇದೇ ಫಲ. ಮುಚ್ಚುವ ಟ್ಯಾಗ್ ಅನ್ನು ಮತ್ತೆ ಟೈಪ್ ಮಾಡದೆ ತೆರೆಯುವ ಟ್ಯಾಗ್‌ನಿಂದಲೇ ನಕಲು ಮಾಡುವುದು ಇದಕ್ಕೆ ಪರಿಹಾರ. ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಅಂಟಿಸಿದರೆ ಅಲ್ಲಿ ಕನ್ನಡವೇ ಇರುವುದಿಲ್ಲ. ಯಂತ್ರಕ್ಕೆ ಅದು ಆಂಗ್ಲ ಅಕ್ಷರಗಳ ರಾಶಿ.

ಅಂಕಿಗಳ ಬಗೆಗೂ ಒಂದು ಮಾತು. ಮೊತ್ತದ ಮನೆಯಲ್ಲಿ ಕನ್ನಡ ಅಂಕಿ ಬರೆದರೆ, ಇಲ್ಲವೇ 1,00,000 ಎಂದು ಅಲ್ಪವಿರಾಮ ಹಾಕಿದರೆ, ಎಕ್ಸ್‌ಎಂಎಲ್‌ನ ಸಾಮಾನ್ಯ ಸಂಖ್ಯಾ ನಿಯಮ ಅದನ್ನು ಸಂಖ್ಯೆಯೆಂದು ಒಪ್ಪದು. ದಿನಾಂಕವನ್ನು ಮೇಲಿನ ಉದಾಹರಣೆಯಲ್ಲಿರುವಂತೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಬೇಕು. ಕನ್ನಡ ಅಂಕಿಗಳನ್ನು ಬಿಡಬೇಕೆಂದು ಇದರ ಅರ್ಥವಲ್ಲ. ನಡವಳಿಯಲ್ಲಿ, ಫಲಕದಲ್ಲಿ, ಆಮಂತ್ರಣದಲ್ಲಿ ಅವು ಇರಲಿ.

ಡಿಜಿಟಲ್ ಸಹಿ ಹಾಕಿದ ಎಕ್ಸ್‌ಎಂಎಲ್ ಕಡತವನ್ನು ಯಾವ ಕಾರಣಕ್ಕೂ ತೆರೆದು ತಿದ್ದಬಾರದು. ಮಾಹಿತಿಯೊಳಗೆ ಒಂದು ಖಾಲಿ ಜಾಗ ಹೆಚ್ಚಿದರೂ ಸಹಿ ಹೊಂದುವುದಿಲ್ಲ. ‘ಸಣ್ಣ ತಿದ್ದುಪಡಿ, ಮತ್ತೆ ಸಹಿ ಏಕೆ’ ಎಂಬ ಮಾತಿಗೆ ಅಧ್ಯಕ್ಷರು ಒಪ್ಪಬೇಕಾಗಿಲ್ಲ.

ತಾಲ್ಲೂಕುಗಳ ಗಡಿ ಮತ್ತು ಒಂದರೊಳಗೊಂದು ಕೂರದ ಪೆಟ್ಟಿಗೆಗಳು

ಇದುವರೆಗೆ ಹೇಳಿದ್ದು ಅಜಾಗರೂಕತೆಯಿಂದ ಆಗುವ ದೋಷಗಳು. ಎಷ್ಟೇ ಜಾಗರೂಕರಾಗಿದ್ದರೂ ಎದುರಾಗುವ ತೊಡಕೊಂದಿದೆ. ವಾಸ್ತವವೇ ಒಂದರೊಳಗೊಂದು ಕೂರದಿದ್ದರೆ ಏನು ಮಾಡಬೇಕು? ನಮ್ಮ ಜಿಲ್ಲೆಯೇ ಇದಕ್ಕೆ ಉತ್ತಮ ನಿದರ್ಶನ.

ಕಂದಾಯ ಆಡಳಿತದ ಜೋಡಣೆ ಸರಳ. ಜಿಲ್ಲೆಯ ಒಳಗೆ ತಾಲ್ಲೂಕು, ತಾಲ್ಲೂಕಿನ ಒಳಗೆ ಹೋಬಳಿ, ಹೋಬಳಿಯ ಒಳಗೆ ಗ್ರಾಮ. ಆದರೆ 2008ರ ಪುನರ್ವಿಂಗಡಣೆಯ ನಂತರ ವಿಧಾನಸಭಾ ಕ್ಷೇತ್ರಗಳು ಈ ಪೆಟ್ಟಿಗೆಗಳನ್ನು ಅಡ್ಡ ಹಾಯ್ದಿವೆ. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿ ಹೊಳೆನರಸೀಪುರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ. ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು ಹೋಬಳಿ ಅರಕಲಗೂಡು ಕ್ಷೇತ್ರದಲ್ಲಿದೆ. ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿ ಸಕಲೇಶಪುರ ಕ್ಷೇತ್ರಕ್ಕೆ ಹೋಗಿದೆ. ಹಾಸನ ಲೋಕಸಭಾ ಕ್ಷೇತ್ರವಂತೂ ಜಿಲ್ಲೆಯ ಗಡಿಯನ್ನೇ ದಾಟಿ ಚಿಕ್ಕಮಗಳೂರು ಜಿಲ್ಲೆಯ ಕಡೂರನ್ನು ಒಳಗೊಂಡಿದೆ.

ಶಾಸಕರ ಅನುದಾನದ ಕಾಮಗಾರಿ ಪಟ್ಟಿಯನ್ನು ಎಕ್ಸ್‌ಎಂಎಲ್‌ನಲ್ಲಿ ಸಿದ್ಧಪಡಿಸುವವರು ಹೊಳೆನರಸೀಪುರ ತಾಲ್ಲೂಕಿನ ಟ್ಯಾಗ್ ತೆರೆದು, ಅದರೊಳಗೆ ಹೊಳೆನರಸೀಪುರ ಕ್ಷೇತ್ರದ ಟ್ಯಾಗ್ ತೆರೆದರೆಂದು ಭಾವಿಸೋಣ. ದಂಡಿಗನಹಳ್ಳಿಯನ್ನು ಎಲ್ಲಿ ಇಡುವುದು? ಕ್ಷೇತ್ರದ ಒಳಗಿಟ್ಟರೆ ಅದು ತಪ್ಪು ತಾಲ್ಲೂಕಿನ ಒಳಗೂ ಬಂದಂತಾಗುತ್ತದೆ. ತಾಲ್ಲೂಕನ್ನು ಮುಚ್ಚಿ, ಕ್ಷೇತ್ರವನ್ನು ತೆರೆದೇ ಇಟ್ಟು, ಚನ್ನರಾಯಪಟ್ಟಣವನ್ನು ತೆರೆಯೋಣವೆಂದರೆ ಸೇರು ಪಾವುಗಳ ನಿಯಮ ಮುರಿಯುತ್ತದೆ. ಟ್ಯಾಗ್‌ಗಳ ಜಾಗ ಬದಲಿಸುವುದರಿಂದ ಇದು ಬಗೆಹರಿಯುವುದಿಲ್ಲ. ಎರಡು ಅಡ್ಡ ಹಾಯುವ ವಿಂಗಡಣೆಗಳನ್ನು ಒಂದೇ ಮರದ ಕೊಂಬೆಗಳಾಗಿ ತೋರಿಸಲು ಸಾಧ್ಯವೇ ಇಲ್ಲ.

ಒಂದನ್ನು ಮಾತ್ರ ಪೆಟ್ಟಿಗೆಯನ್ನಾಗಿ ಆರಿಸಿ, ಇನ್ನೊಂದನ್ನು ಲಕ್ಷಣವಾಗಿ ನಮೂದಿಸುವುದೇ ದಾರಿ:

<ತಾಲ್ಲೂಕು ಹೆಸರು="ಚನ್ನರಾಯಪಟ್ಟಣ">
<ಹೋಬಳಿ ಹೆಸರು="ದಂಡಿಗನಹಳ್ಳಿ" ವಿಧಾನಸಭೆ="ಹೊಳೆನರಸೀಪುರ"></ಹೋಬಳಿ>
</ತಾಲ್ಲೂಕು>

ಈಗ ತಾಲ್ಲೂಕುವಾರು ಪಟ್ಟಿಯೂ ಸಿಗುತ್ತದೆ, ಕ್ಷೇತ್ರವಾರು ಪಟ್ಟಿಯೂ ಸಿಗುತ್ತದೆ. ಯಾವ ಊರೂ ಎರಡು ಸಲ ಬರುವುದಿಲ್ಲ, ಯಾವುದೂ ಬಿಟ್ಟುಹೋಗುವುದಿಲ್ಲ. ಗಡಿಯ ಹೋಬಳಿಗಳ ಸದಸ್ಯರಿಗೆ ಇದು ಬರಿಯ ತಾಂತ್ರಿಕ ವಿಷಯವಲ್ಲ. ತಮ್ಮ ಊರಿನ ರಸ್ತೆ ಈ ಕಚೇರಿಯ ಪಟ್ಟಿಯಲ್ಲೂ ಇಲ್ಲ, ಆ ಕಚೇರಿಯ ಪಟ್ಟಿಯಲ್ಲೂ ಇಲ್ಲ ಎಂಬ ಅನುಭವವಿದ್ದವರಿಗೆ ಪ್ರಶ್ನೆ ಕೇಳಲು ಇಲ್ಲಿ ಆಧಾರವಿದೆ.

ಗ್ರಾಮ ಪಂಚಾಯಿತಿಯ ಒಳಗೂ ಇದೇ ತೊಡಕು ಚಿಕ್ಕ ಪ್ರಮಾಣದಲ್ಲಿದೆ. ದೊಡ್ಡ ಗ್ರಾಮ ಹಲವು ಕ್ಷೇತ್ರಗಳಾಗಿ ಒಡೆಯುತ್ತದೆ. ಸಣ್ಣ ಗ್ರಾಮಗಳು ಹಲವು ಸೇರಿ ಒಂದು ಕ್ಷೇತ್ರವಾಗುತ್ತವೆ. ಕ್ಷೇತ್ರದ ಒಳಗೆ ಗ್ರಾಮವೋ, ಗ್ರಾಮದ ಒಳಗೆ ಕ್ಷೇತ್ರವೋ ಎಂದು ಒಮ್ಮೆ ತೀರ್ಮಾನಿಸಿ ಎಲ್ಲ ಪಟ್ಟಿಗಳಲ್ಲೂ ಅದನ್ನೇ ಪಾಲಿಸದಿದ್ದರೆ ಬೀದಿದೀಪಗಳ ಎಣಿಕೆ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಬೇರೆಯಾಗುತ್ತದೆ. ಜನವಸತಿಯನ್ನು ಅತಿ ಚಿಕ್ಕ ಘಟಕವಾಗಿಟ್ಟು ಗ್ರಾಮ, ಕ್ಷೇತ್ರ ಎರಡನ್ನೂ ಅದರ ಲಕ್ಷಣವಾಗಿ ಬರೆಯುವುದು ನನ್ನ ಮಟ್ಟಿಗೆ ಹೆಚ್ಚು ಅನುಕೂಲ.

ಜೋಡಣೆ ಸರಿ, ವಿಷಯ ತಪ್ಪು

ಕೆರೆ, ಗೋಮಾಳ, ಸ್ಮಶಾನಗಳ ಗಡಿಯನ್ನು ನಕ್ಷೆಯಲ್ಲಿ ಗುರುತಿಸಲು ಬಳಸುವ ಕೆಎಂಎಲ್ ಕಡತವೂ ಎಕ್ಸ್‌ಎಂಎಲ್ ಜಾತಿಯದ್ದೇ. ಅದರಲ್ಲಿ ಗಡಿಯ ಮೊದಲ ಬಿಂದುವನ್ನೇ ಕೊನೆಯ ಬಿಂದುವಾಗಿ ಮತ್ತೆ ಬರೆದು ಗಡಿಯನ್ನು ಮುಚ್ಚಬೇಕು. ಸರ್ವೆಯವರು ಹೊರಟ ಕಲ್ಲಿಗೇ ಬಂದು ನಿಲ್ಲುವಂತೆ. ಬಿಂದುವಿನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಮೊಬೈಲ್ ನಕ್ಷೆಗಳಲ್ಲಿ ಸಾಮಾನ್ಯವಾಗಿ ಅಕ್ಷಾಂಶ ಮೊದಲು ಕಾಣುವುದರಿಂದ ಇಲ್ಲಿ ಅದಲುಬದಲಾಗುವುದು ಸಹಜ.

ಹಾಸನ ನಗರ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶ, 76.1 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಎರಡನ್ನೂ ಅದಲುಬದಲು ಮಾಡಿದರೆ ನಮ್ಮ ಕೆರೆ ನಾರ್ವೆ ದೇಶದ ಸ್ವಾಲ್ಬಾರ್ಡ್ ದ್ವೀಪಗಳ ಸಮೀಪ, ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ತೇಲುತ್ತದೆ. ಯಂತ್ರ ಇದಕ್ಕೆ ಯಾವ ಆಕ್ಷೇಪವನ್ನೂ ಎತ್ತುವುದಿಲ್ಲ, ಏಕೆಂದರೆ ಟ್ಯಾಗ್‌ಗಳೆಲ್ಲ ಸರಿಯಾಗಿ ತೆರೆದು ಮುಚ್ಚಿವೆ. ಈ ತಪ್ಪು ನಗು ತರಿಸುವಷ್ಟು ದೊಡ್ಡದಾದ್ದರಿಂದ ಕೂಡಲೇ ಸಿಕ್ಕಿಬೀಳುತ್ತದೆ. ಒಂದು ಅಂಕಿ ಬದಲಾಗಿ ಗೋಮಾಳದ ಗಡಿ ಪಕ್ಕದ ಹಿಡುವಳಿಯೊಳಗೆ ಐವತ್ತು ಮೀಟರ್ ಸರಿದಿದ್ದರೆ ಅದನ್ನು ಹಿಡಿಯಬಲ್ಲವರು ಆ ನೆಲವನ್ನು ಬಲ್ಲ ಸದಸ್ಯರು ಮಾತ್ರ. ಆದುದರಿಂದ ನಕ್ಷೆಯನ್ನು ಸಭೆಯಲ್ಲಿ ಪರದೆಯ ಮೇಲೆ ತೆರೆದು ತೋರಿಸಲು ಕೇಳಿ.

ಕಡತ ಹಿಂತಿರುಗಿ ಬಂದಾಗ

ಎಕ್ಸ್‌ಎಂಎಲ್ ಕಡತವನ್ನು ಸಾಮಾನ್ಯ ಬ್ರೌಸರ್‌ನಲ್ಲಿ ತೆರೆದರೆ ಜೋಡಣೆ ತಪ್ಪಿದ ಸಾಲಿನ ಸಂಖ್ಯೆಯನ್ನು ಅದೇ ಹೇಳುತ್ತದೆ. ಇದಕ್ಕೆ ಹಣ ಕೊಟ್ಟು ಕೊಳ್ಳುವ ತಂತ್ರಾಂಶ ಬೇಡ. ಆದರೆ ಆ ಸಂಖ್ಯೆಯನ್ನು ಓದುವ ಬಗೆಯನ್ನು ತಿಳಿದಿರಬೇಕು. ಯಂತ್ರ ಹೇಳುವುದು ತಪ್ಪು ತನ್ನ ಗಮನಕ್ಕೆ ಬಂದ ಸಾಲನ್ನು, ತಪ್ಪು ನಡೆದ ಸಾಲನ್ನಲ್ಲ. ಹತ್ತನೆಯ ಸಾಲಿನಲ್ಲಿ ತೆರೆದ ಟ್ಯಾಗ್ ಮುಚ್ಚದೆ ಉಳಿದರೆ ಅದರ ಹೊರಗಿನ ಟ್ಯಾಗ್ ಮುಚ್ಚುವವರೆಗೆ, ಅಂದರೆ ನಾನೂರನೆಯ ಸಾಲಿನವರೆಗೂ ಯಂತ್ರ ಸುಮ್ಮನೆ ಓದುತ್ತಾ ಹೋಗಬಹುದು. ಆದುದರಿಂದ ವರದಿಯಾದ ಸಾಲಿನಿಂದ ಹಿಂದಕ್ಕೆ ಹುಡುಕಬೇಕು. ಹತ್ತಾರು ದೋಷಗಳ ಪಟ್ಟಿ ಬಂದರೆ ಮೊದಲನೆಯದನ್ನು ಮಾತ್ರ ಸರಿಪಡಿಸಿ ಮತ್ತೆ ಪರೀಕ್ಷಿಸಬೇಕು. ಉಳಿದವು ಅದರ ನೆರಳುಗಳಾಗಿದ್ದರೆ ತಾವಾಗಿಯೇ ಮಾಯವಾಗುತ್ತವೆ.

‘ರಿಜೆಕ್ಟ್ ಆಗಿದೆ’ ಎಂಬ ಉತ್ತರ ಬಂದಾಗ ಯಾವ ದಿನ, ಯಾವ ಸಂದೇಶದೊಡನೆ, ಯಾವ ಸಾಲಿನಲ್ಲಿ ಎಂದು ಕೇಳಬಹುದು. ಸಂದೇಶದ ಪ್ರತಿಯನ್ನು ಸಭೆಯ ಕಡತದಲ್ಲಿ ಇರಿಸಲು ಸೂಚಿಸಬಹುದು. ಜೋಡಣೆಯ ದೋಷವಾಗಿದ್ದಲ್ಲಿ ಸರಿಪಡಿಸಲು ಸಾಮಾನ್ಯವಾಗಿ ಒಂದು ದಿನವೂ ಬೇಕಾಗುವುದಿಲ್ಲ. ತಂತ್ರಾಂಶವೇ ತಪ್ಪಾಗಿ ಬರೆದಿದ್ದರೆ ಅದನ್ನು ತಿದ್ದುವ ಅಧಿಕಾರ ಪಂಚಾಯಿತಿಗೆ ಇಲ್ಲ. ಸಂದೇಶದ ಪ್ರತಿ, ಕಡತದ ಹೆಸರು ಮತ್ತು ಸಾಲಿನ ಸಂಖ್ಯೆಯೊಡನೆ ತಾಲ್ಲೂಕು ಪಂಚಾಯಿತಿಯ ಮೂಲಕ ತಾಂತ್ರಿಕ ಸಹಾಯ ಕೇಂದ್ರಕ್ಕೆ ಬರೆಯಬೇಕು. ಈ ಮೂರೂ ಇಲ್ಲದ ಪತ್ರ ‘ವಿವರ ಒದಗಿಸಿ’ ಎಂಬ ಷರಾದೊಡನೆ ಹಿಂದಿರುಗಿ ಬರುವುದೇ ಹೆಚ್ಚು.